ಮಂತ್ರಿಗಿರಿ ಬಿಟ್ಟ ಯಶೋಧರಮ್ಮ

ಹೊಳಲ್ಕೆರೆ ಕಡೆಯವರಿಗೆ ಚಿಕ್ಕಜಾಜೂರು ಜಂಕ್ಷನ್ ಗೊತ್ತೇ ಇರುತ್ತೆ. ಅಲ್ಲಿ ಬೆಂಗಳೂರು ರೈಲು ಹತ್ತಿದರೆ ಹೊಸದುರ್ಗ ರೋಡ್, ಬೀರೂರು, ಕಡೂರು ದಾಟಿ ಅರಸೀಕೆರೆ. ನಾವು ಅಲ್ಲಿ ಕಾಫಿ ಕುಡಿದು ಮುಂದೆ ಹೋಗ್ತೀವಿ. ಆ ಊರಿನಲ್ಲಿ ಕಸ್ತೂರಬಾ ಗ್ರಾಮ ಅಂತ ಒಂದು ಸಂಸ್ಥೆ ಇದೆ. ಕಟ್ಟಿದವರು ಯಶೋಧರಮ್ಮ ದಾಸಪ್ಪ.

ಹುಟ್ಟಿದ್ದು 1905ರಲ್ಲಿ, ಅನುಕೂಲಸ್ಥರ ಮನೆಯಲ್ಲಿ. ತಂದೆ ಕೆ.ಎಚ್. ರಾಮಯ್ಯ ಸಮಾಜ ಸೇವಕರು. ಗಂಡ ಎಚ್.ಸಿ. ದಾಸಪ್ಪ ಮುಂದೆ ನೆಹರೂ ಸಂಪುಟದಲ್ಲಿ ಮಂತ್ರಿಯಾದವರು. ಆರಾಮಾಗಿ ಇರಬಹುದಿತ್ತು. ಯಶೋಧರಮ್ಮ ಅರಣ್ಯ ಸತ್ಯಾಗ್ರಹಕ್ಕೆ ಇಳಿದರು. ಆ ಚಳವಳಿ ನಮ್ಮ ಜಿಲ್ಲೆಯಲ್ಲೂ ನಡೆದಿತ್ತು. 1939ರಲ್ಲಿ ತುರುವನೂರಿನಲ್ಲಿ ಜನ ಈಚಲು ಮರ ಕಡಿದರು. ಈಚಲು ಅಂದ್ರೆ ಹೆಂಡ, ಹೆಂಡ ಅಂದ್ರೆ ಸರ್ಕಾರಕ್ಕೆ ವರಮಾನ. ಅಲ್ಲಿನ ಮುಂದಾಳುಗಳಲ್ಲಿ ಚಿತ್ರದುರ್ಗದ ವಕೀಲರಾದ ನಿಜಲಿಂಗಪ್ಪನವರೂ ಒಬ್ಬರು. ಈ ಹೆಸರು ನೆನಪಿಟ್ಕೊಳ್ಳಿ.

1944ರಲ್ಲಿ ಕಸ್ತೂರಬಾ ಸೆರೆಯಲ್ಲೇ ತೀರಿಕೊಂಡರು. ಅವರ ನೆನಪಿಗೆ ದೇಶವೆಲ್ಲ ಕೂಡಿಸಿದ ಹಣ ಹಳ್ಳಿಯ ಹೆಂಗಸರು ಮತ್ತು ಮಕ್ಕಳಿಗೇ ಹೋಗಬೇಕು ಅಂತ ಗಾಂಧೀಜಿ ಹಟ ಹಿಡಿದರು. ಆ ಟ್ರಸ್ಟಿನ ಕೆಲಸವನ್ನು ನಮ್ಮ ಕಡೆ ಹೊತ್ತವರು ಯಶೋಧರಮ್ಮ. ಟ್ರಸ್ಟ್ ಹಳ್ಳಿ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಗ್ರಾಮಸೇವಕಿಯರನ್ನಾಗಿ ಮಾಡಿ ವಾಪಸ್ ಹಳ್ಳಿಗೇ ಕಳಿಸುತ್ತಿತ್ತು: ಬಾಣಂತನ, ಮಕ್ಕಳ ಆರೈಕೆ, ನೂಲುವುದು. ಕೇಳೋಕೆ ಸಣ್ಣ ಕೆಲಸ. ಆದರೆ ಗಂಡನ ಕೂಲಿ ಹೆಂಡದಂಗಡಿಗೆ ಹೋಗೋದು ಮೊದಲು ಗೊತ್ತಾಗೋದು ಇಂಥ ಮನೆಯೊಳಗೇ ಅಲ್ವಾ?

1962ರ ಚುನಾವಣೆಯಲ್ಲಿ ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತರು. (ನಮ್ಮ ಜನ ಯಾರನ್ನೂ ಬಿಡಲ್ಲ!) ಮೂರು ತಿಂಗಳು ಎಸ್.ಆರ್. ಕಂಠಿ ಮುಖ್ಯಮಂತ್ರಿ, ಯಶೋಧರಮ್ಮ ಮಂತ್ರಿ. ನಿಜಲಿಂಗಪ್ಪ ಬಾಗಲಕೋಟೆಯಿಂದ ಗೆದ್ದು ಬಂದ ಮೇಲೆ ಅವರ ಸಂಪುಟದಲ್ಲೂ ಇದ್ದರು. ಅದೇ ಸರ್ಕಾರ ಪಾನನಿರೋಧ ತೆಗೆಯಲು ಹೊರಟಿತು. ಖಜಾನೆಗೆ ಅಬಕಾರಿ ದುಡ್ಡು ಬೇಕಿತ್ತು. ಒಂದು ಕಾಲಕ್ಕೆ ಈಚಲು ಮರ ಕಡಿಯುವ ಚಳವಳಿಯ ಮುಂದೆ ನಿಂತವರೇ ಈಗ ಮುಖ್ಯಮಂತ್ರಿ. ಒಳಗಿದ್ದು ತಡೆಯೋಕೆ ಆಗಲಿಲ್ಲ. ಯಶೋಧರಮ್ಮ ರಾಜೀನಾಮೆ ಕೊಟ್ಟು ಹೊರಗೆ ಬಂದರು. 1967ರಲ್ಲಿ ಪಾನನಿರೋಧ ಹೋಯಿತು. ಅವರು ಸೋತರು ಅಂತಲೇ ಹೇಳಬೇಕು.

1972ರಲ್ಲಿ ಪದ್ಮಭೂಷಣ ಬಂತು. 1980ರಲ್ಲಿ ತೀರಿಕೊಂಡರು.

2019ರ ಜನವರಿ 19ರಂದು ರಾಯಚೂರು ಮುಂತಾದ ಕಡೆಯ ಸಾವಿರಾರು ಹಳ್ಳಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟರು. ಸುಮಾರು 200 ಕಿಲೋಮೀಟರ್. ಗಾಂಧೀಜಿ ತೀರಿಕೊಂಡ ದಿನ, 30ಕ್ಕೆ, ರಾಜಧಾನಿ ಮುಟ್ಟಿ ಸರ್ಕಾರವನ್ನು ಕೇಳಿದ್ದು ಒಂದೇ: ಹೆಂಡ ನಿಲ್ಲಿಸಿ.