ಚಿಪ್ ತಂತಿಯ ಲೆಕ್ಕಕ್ಕೆ ಬುನಾದಿ ಹಾಕಿದ ಆಲಿವರ್ ಹೆವಿಸೈಡ್

ಉಗುರಿನಷ್ಟು ಅಗಲದ ಕಂಪ್ಯೂಟರ್ ಚಿಪ್‌ನೊಳಗೆ ಕಿಲೋಮೀಟರ್‌ಗಟ್ಟಲೆ ತಾಮ್ರದ ತಂತಿ ಇರುತ್ತದೆ. ಸಂಕೇತವೊಂದು ಈ ತಂತಿಯ ಆಚೆ ತುದಿ ತಲುಪಲು ಎಷ್ಟು ಹೊತ್ತು ಬೇಕು ಎಂದು ಚಿಪ್ ತಯಾರಾಗುವ ಮೊದಲೇ ಎಂಜಿನಿಯರ್‌ಗಳು ಲೆಕ್ಕ ಹಾಕುತ್ತಾರೆ. ಆ ಲೆಕ್ಕಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರು ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಟೆಲಿಗ್ರಾಫ್ ನೌಕರ.

ಆಲಿವರ್ ಹೆವಿಸೈಡ್ ಹುಟ್ಟಿದ್ದು 1850ರ ಮೇ 18ರಂದು, ಲಂಡನ್‌ನ ಕ್ಯಾಮ್‌ಡೆನ್ ಟೌನ್‌ನ ಬಡ ಕುಟುಂಬದಲ್ಲಿ. ಬಾಲ್ಯದಲ್ಲಿ ಬಂದ ಸ್ಕಾರ್ಲೆಟ್ ಜ್ವರದಿಂದ ಕಿವಿ ಮಂದವಾಯಿತು. 16ಕ್ಕೇ ಶಾಲೆ ಮುಗಿಯಿತು. ಡೆನ್ಮಾರ್ಕ್‌ನಲ್ಲಿ, ನಂತರ ನ್ಯೂಕಾಸಲ್‌ನಲ್ಲಿ ಟೆಲಿಗ್ರಾಫ್ ಕೆಲಸ ಮಾಡಿ, 24ನೇ ವಯಸ್ಸಿಗೆ ರಾಜೀನಾಮೆ ಕೊಟ್ಟರು. ಮತ್ತೆಂದೂ ನೌಕರಿಗೆ ಸೇರಲಿಲ್ಲ.

ತಂತಿ ಎರಡು ಪಟ್ಟು ಉದ್ದವಾದರೆ ಸಂಕೇತದ ವಿಳಂಬ ನಾಲ್ಕು ಪಟ್ಟಾಗುತ್ತದೆ ಎಂದು ವಿಲಿಯಂ ಥಾಮ್ಸನ್ ಆಗಲೇ ತೋರಿಸಿದ್ದರು. ಅವರು ಪರಿಗಣಿಸಿದ್ದು ತಂತಿಯ ಪ್ರತಿರೋಧ ಮತ್ತು ಅದರಲ್ಲಿ ಸಂಗ್ರಹವಾಗುವ ವಿದ್ಯುದಂಶವನ್ನು ಮಾತ್ರ. 1876ರಲ್ಲಿ ಹೆವಿಸೈಡ್ ಇದಕ್ಕೆ ಇಂಡಕ್ಟೆನ್ಸ್, ಅಂದರೆ ತಂತಿಯ ಸುತ್ತಲಿನ ಕಾಂತಕ್ಷೇತ್ರದ ಪ್ರಭಾವವನ್ನೂ ಸೇರಿಸಿದರು. 1887ರಲ್ಲಿ ಇನ್ನೂ ಮುಂದೆ ಹೋಗಿ, ಇಂಡಕ್ಟೆನ್ಸ್ ಹೆಚ್ಚಿಸಿದರೆ ದೂರದ ಫೋನ್ ಕರೆಯಲ್ಲಿ ಧ್ವನಿ ಕೆಡುವುದು ತಪ್ಪುತ್ತದೆ ಎಂದರು.

ಇದು ಬ್ರಿಟನ್ ಅಂಚೆ ಇಲಾಖೆಯ ಹಿರಿಯ ಎಂಜಿನಿಯರ್ ವಿಲಿಯಂ ಪ್ರೀಸ್ ಅವರಿಗೆ ಹಿಡಿಸಲಿಲ್ಲ. ಇಂಡಕ್ಟೆನ್ಸ್ ಹಾನಿಕರ ಎಂಬುದು ಅವರ ವಾದ. ಅದೇ ಇಲಾಖೆಯಲ್ಲಿದ್ದ ಅಣ್ಣ ಆರ್ಥರ್ ಜೊತೆ ಹೆವಿಸೈಡ್ ಬರೆದ ಪ್ರಬಂಧಕ್ಕೆ ಪ್ರೀಸ್ ತಡೆಹಾಕಿದರು. ಗಣಿತ ಹೆವಿಸೈಡ್ ಕಡೆಗಿತ್ತು, ಅಧಿಕಾರ ಪ್ರೀಸ್ ಕೈಯಲ್ಲಿತ್ತು.

1900ರಲ್ಲಿ ಅಮೆರಿಕದ ಮೈಕೆಲ್ ಪುಪಿನ್ ಫೋನ್ ತಂತಿಗೆ ಅಲ್ಲಲ್ಲಿ ಸುರುಳಿ ಜೋಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಎಟಿ ಆ್ಯಂಡ್ ಟಿ ಕಂಪನಿ ಅದಕ್ಕೆ ಲಕ್ಷಾಂತರ ಡಾಲರ್ ಸುರಿಯಿತು. ಪೇಟೆಂಟ್ ಮಾಡಿಸದ ಹೆವಿಸೈಡ್‌ಗೆ ಅದರಲ್ಲಿ ಪಾಲಿರಲಿಲ್ಲ. ಅವರ ಜೀವನಕ್ಕೆ ಆಧಾರವಾಗಿದ್ದು ವರ್ಷಕ್ಕೆ 120 ಪೌಂಡ್‌ಗಳ ಸರ್ಕಾರಿ ಪಿಂಚಣಿ. (ಕಾಲೇಜು ಪುಸ್ತಕಗಳಲ್ಲಿರುವ ಮ್ಯಾಕ್ಸ್‌ವೆಲ್‌ನ ನಾಲ್ಕು ಸಮೀಕರಣಗಳಿಗೆ ಈಗಿನ ರೂಪ ಕೊಟ್ಟವರಲ್ಲೂ ಇವರು ಪ್ರಮುಖರು.)

ಇಂದಿನ ಚಿಪ್‌ನ ಸಣ್ಣ ತಂತಿಗಳಿಗೆ ಬಹುಮಟ್ಟಿಗೆ ಥಾಮ್ಸನ್ ಲೆಕ್ಕವೇ ಸಾಕು. ವಿಳಂಬ ತಗ್ಗಿಸಲೆಂದು ಉದ್ದದ ತಂತಿಯನ್ನು ತುಂಡು ಮಾಡಿ ನಡುವೆ ರಿಪೀಟರ್ ಹಾಕುವುದೂ ಇದೇ ಲೆಕ್ಕದ ಮೇಲೆ. ಆದರೆ ಚಿಪ್‌ನಾದ್ಯಂತ ಗಡಿಯಾರ ಸಂಕೇತ ಒಯ್ಯುವ ಉದ್ದದ, ಅಗಲವಾದ ತಂತಿಗಳಲ್ಲಿ ಇಂಡಕ್ಟೆನ್ಸ್ ಮರೆತರೆ ಅಂದಾಜು ತಪ್ಪುತ್ತದೆ. ಅಲ್ಲಿ ಹೆವಿಸೈಡ್ ಸಮೀಕರಣವೇ ಬೇಕು.

ಮದುವೆಯಾಗದ ಅವರು ಕೊನೆಯ ವರ್ಷಗಳನ್ನು ಕಳೆದದ್ದು ಇಂಗ್ಲೆಂಡ್‌ನ ಕಡಲತೀರದ ಟಾರ್ಕಿಯಲ್ಲಿ. 1922ರಲ್ಲಿ ವಿದ್ಯುತ್ ಎಂಜಿನಿಯರ್‌ಗಳ ಸಂಸ್ಥೆ ತನ್ನ ಮೊಟ್ಟಮೊದಲ ಫ್ಯಾರಡೆ ಪದಕವನ್ನು ಅವರಿಗೇ ಕೊಟ್ಟಿತು. ಹಿಂದೊಮ್ಮೆ ಇದೇ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಪ್ರೀಸ್. 1925ರ ಫೆಬ್ರವರಿ 3ರಂದು, 74ನೇ ವಯಸ್ಸಿನಲ್ಲಿ ಹೆವಿಸೈಡ್ ತೀರಿಕೊಂಡರು.