ಓಟದ ಕಾರು ಕಟ್ಟಿದವನು, ಅಗ್ಗದ ಕಾರು ಮಾರಿದವನು

ಮಕ್ಕಳೇ, ಹೊಸಪೇಟೆ–ಚಿತ್ರದುರ್ಗ ಹೆದ್ದಾರಿ ಕೂಡ್ಲಿಗಿಯ ಮೇಲೇ ಹಾದುಹೋಗುತ್ತದೆ. ನೆಲಕ್ಕೆ ಅಂಟಿಕೊಂಡಂತೆ ತಗ್ಗಾಗಿರುವ, ಇಬ್ಬರು ಮಾತ್ರ ಕೂರಬಹುದಾದ ಕಾರೊಂದು ಗುಡುಗಿನಂತೆ ಸದ್ದು ಮಾಡುತ್ತ ಅಲ್ಲಿ ಹೋದದ್ದನ್ನು ನಿಮ್ಮಲ್ಲಿ ಯಾರಾದರೂ ನೋಡಿರಬಹುದು. ಅದೇ ಸ್ಪೋರ್ಟ್ಸ್ ಕಾರು. ಅಂಥ ಕೆಲವು ಕಾರುಗಳ ಬೆಲೆ ಕೋಟಿಗಳ ಲೆಕ್ಕದಲ್ಲಿರುತ್ತದೆ. ಹಡಗಲಿಯ ಮಲ್ಲಿಗೆ ಮೊಗ್ಗು ಅರಳುವ ಮುಂಚೆ ಪೇಟೆ ಸೇರಬೇಕು. ಅದಕ್ಕೆ ವೇಗ ಬೇಕೇ ಬೇಕು, ಆದರೆ ಹೂವಿನ ಬುಟ್ಟಿ ಇಡಲು ಆ ಕಾರಿನಲ್ಲಿ ಜಾಗವಿಲ್ಲ. ಕೊಟ್ಟೂರಿನ ತೇರು ಹೆಜ್ಜೆ ಹೆಜ್ಜೆಯಾಗಿ ಸಾಗುತ್ತದೆ, ಅದರ ವೇಗವನ್ನು ಯಾರೂ ಕೇಳುವುದಿಲ್ಲ. ಹಾಗಾದರೆ ಅಷ್ಟೊಂದು ಹಣ ಸುರಿದು ವೇಗವನ್ನು ಕೊಳ್ಳುವುದು ಸರಿಯೇ?

ಈ ಪ್ರಶ್ನೆಯನ್ನು ನೂರು ವರ್ಷಕ್ಕೂ ಹಿಂದೆ ತನ್ನ ಕೈಯಾರೆ ಪರೀಕ್ಷಿಸಿ ನೋಡಿದವನೊಬ್ಬನಿದ್ದಾನೆ. ಅವನೇ ಅಮೆರಿಕದ ಹೆನ್ರಿ ಫೋರ್ಡ್. ಅವನ ಕಥೆ ಕೇಳಿ.

ಹೆನ್ರಿ ಹುಟ್ಟಿದ್ದು 1863ರ ಜುಲೈ 30ರಂದು, ಮಿಶಿಗನ್ ರಾಜ್ಯದ ಡಿಯರ್‌ಬಾರ್ನ್ ಹತ್ತಿರದ ಒಂದು ರೈತ ಕುಟುಂಬದಲ್ಲಿ. ಹೊಲದ ಕೆಲಸ ಅವನಿಗೆ ಹಿಡಿಸುತ್ತಿರಲಿಲ್ಲ. ಗಡಿಯಾರ ಬಿಚ್ಚುವುದು, ಮತ್ತೆ ಜೋಡಿಸುವುದು ಎಂದರೆ ಪ್ರಾಣ. ಅವನಿಗೆ 12 ವರ್ಷವಿದ್ದಾಗ, 1876ರಲ್ಲಿ, ತಾಯಿ ತೀರಿಕೊಂಡಳು. ಅದೇ ವರ್ಷ ಕುದುರೆಯಿಲ್ಲದೆ ತನ್ನಷ್ಟಕ್ಕೆ ತಾನೇ ರಸ್ತೆಯ ಮೇಲೆ ಉರುಳಿಕೊಂಡು ಬರುತ್ತಿದ್ದ ಉಗಿ ಯಂತ್ರವೊಂದು ಅವನ ಕಣ್ಣಿಗೆ ಬಿತ್ತು. ಮೂರು ವರ್ಷದ ನಂತರ ಅವನು ಮನೆ ಬಿಟ್ಟು ಡೆಟ್ರಾಯಿಟ್ ನಗರಕ್ಕೆ ಹೋಗಿ ಯಂತ್ರಶಾಲೆಯಲ್ಲಿ ಕೆಲಸಕ್ಕೆ ಸೇರಿದ. ಮುಂದೆ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಮುಖ್ಯ ಎಂಜಿನಿಯರ್ ಆದ.

ಹಗಲು ಕಂಪನಿಯ ಕೆಲಸ, ರಾತ್ರಿ ಸ್ವಂತ ಪ್ರಯೋಗ. 1893ರ ಕ್ರಿಸ್‌ಮಸ್ ಹಿಂದಿನ ರಾತ್ರಿ ತನ್ನ ಮೊದಲ ಪುಟ್ಟ ಎಂಜಿನ್ ಅನ್ನು ಅಡುಗೆಮನೆಯಲ್ಲೇ ಓಡಿಸಿ ನೋಡಿದ. ಹೆಂಡತಿ ಕ್ಲಾರಾ ಹನಿ ಹನಿಯಾಗಿ ಪೆಟ್ರೋಲ್ ಬಿಡುತ್ತ ನಿಂತಿದ್ದಳು. (ನೀವು ಇಂಥದ್ದನ್ನು ಮನೆಯಲ್ಲಿ ಮಾಡಲು ಹೋಗಬೇಡಿ!) 1896ರ ಜೂನ್ 4ರಂದು, ನಸುಕಿಗೆ ಮುಂಚೆ, ಸೈಕಲ್ ಗಾಲಿಗಳ ಮೇಲೆ ಕೂರಿಸಿದ ಅವನ ಮೊದಲ ಗಾಡಿ ಸಿದ್ಧವಾಯಿತು. ಹೊರಗೆ ತರಲು ನೋಡಿದರೆ ಗಾಡಿ ಬಾಗಿಲಿಗಿಂತ ಅಗಲ! ಹೆನ್ರಿ ಕೊಡಲಿ ಹಿಡಿದು ಶೆಡ್ಡಿನ ಇಟ್ಟಿಗೆ ಗೋಡೆಯನ್ನೇ ಒಡೆದು ದಾರಿ ಮಾಡಿದ. ಆ ಗಾಡಿಗೆ ಹಿಂದಕ್ಕೆ ಹೋಗುವ ಗೇರ್ ಇರಲಿಲ್ಲ. ಅದರ ವೇಗ ಗಂಟೆಗೆ ಹೆಚ್ಚೆಂದರೆ 32 ಕಿಲೋಮೀಟರ್.

ಮೂರು ವರ್ಷದ ನಂತರ ಹಣವಂತರು ಕೆಲವರು ಸೇರಿ ಅವನಿಗಾಗಿ ಒಂದು ಕಂಪನಿ ತೆರೆದರು. ಅಲ್ಲಿ ತಯಾರಾದ ವಾಹನಗಳು ದುಬಾರಿ, ಗುಣಮಟ್ಟವೂ ಸಾಲದು. 1901ರ ಆರಂಭದಲ್ಲೇ ಕಂಪನಿ ಮುಚ್ಚಿತು. ಈಗ ಅವನನ್ನು ನಂಬಿ ಹಣ ಹಾಕುವವರು ಯಾರು? ತಾನು ಕಟ್ಟುವ ಕಾರು ಚೆನ್ನಾಗಿ ಓಡುತ್ತದೆ ಎಂದು ಊರಿಗೆಲ್ಲ ತೋರಿಸಬೇಕಾಗಿತ್ತು. ಅದಕ್ಕೆ ಅವನು ಕಂಡುಕೊಂಡ ಉಪಾಯವೇ ಓಟದ ಸ್ಪರ್ಧೆ.

1901ರ ಅಕ್ಟೋಬರ್ 10ರಂದು ಡೆಟ್ರಾಯಿಟ್ ಬಳಿಯ ಗ್ರೋಸ್ ಪಾಯಿಂಟ್‌ನಲ್ಲಿ, ಕುದುರೆ ಓಡಿಸುವ ಮೈದಾನದಲ್ಲಿ, ಪಂದ್ಯ ನಡೆಯಿತು. ಎದುರಾಳಿ ಅಲೆಕ್ಸಾಂಡರ್ ವಿಂಟನ್ ಆ ಕಾಲದ ಹೆಸರಾಂತ ಕಾರು ತಯಾರಕ, ಪಳಗಿದ ಓಟಗಾರ. ಅವನ ಕಾರಿಗೆ ಬಲವೂ ಹೆಚ್ಚು. ಫೋರ್ಡ್ ಅದಕ್ಕೆ ಮುಂಚೆ ಪಂದ್ಯದಲ್ಲಿ ಕಾರು ಓಡಿಸಿದವನೇ ಅಲ್ಲ. 16 ಕಿಲೋಮೀಟರಿನ ಓಟ. ತಿರುವು ಬಂದಾಗಲೆಲ್ಲ ಫೋರ್ಡನ ಸಹಾಯಕ ಕಾರಿನ ಪಕ್ಕದ ಮೆಟ್ಟಿಲ ಮೇಲೆ ನಿಂತು ತಿರುವಿನ ಒಳಭಾಗಕ್ಕೆ ಮೈ ಬಾಗಿಸುತ್ತಿದ್ದ. ಏಕೆ ಗೊತ್ತೇ? ತಿರುವಿನಲ್ಲಿ ವಾಹನ ಹೊರಕ್ಕೆ ವಾಲುತ್ತದೆ. ಒಳಬದಿಗೆ ತೂಕ ಬಿದ್ದರೆ ಅದು ಮಗುಚುವುದು ತಪ್ಪುತ್ತದೆ. ಇಂದಿನ ಸ್ಪೋರ್ಟ್ಸ್ ಕಾರು ತಗ್ಗಾಗಿರುವುದಕ್ಕೂ ಇದೇ ಮುಖ್ಯ ಕಾರಣ. ತೂಕ ನೆಲಕ್ಕೆ ಹತ್ತಿರವಿದ್ದಷ್ಟೂ ಮಗುಚುವ ಭಯ ಕಡಿಮೆ. ಎತ್ತರವಾಗಿ ಮೇವು ಹೇರಿದ ಬಂಡಿ ತಿರುವಿನಲ್ಲಿ ಹೇಗೆ ವಾಲುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಮೊದಲು ಮುಂದಿದ್ದವನು ವಿಂಟನ್. ಕೊನೆಯ ಸುತ್ತುಗಳಲ್ಲಿ ಅವನ ಎಂಜಿನ್ ಕಾದು ಹೊಗೆ ಬಿಡತೊಡಗಿತು. ಫೋರ್ಡ್ ಗೆದ್ದ. 1000 ಡಾಲರ್ ಬಹುಮಾನ ಬಂತು. ಅದಕ್ಕಿಂತ ಮುಖ್ಯವಾಗಿ, ಹೊಸ ಕಂಪನಿಗೆ ಹಣ ಹಾಕುವವರು ಬಂದರು. ಅವರಿಗೆ ಬೇಕಾಗಿದ್ದದ್ದು ಮಾರಾಟಕ್ಕೆ ಕಾರು. ಫೋರ್ಡನ ತಲೆ ತುಂಬ ಓಟದ ಕಾರೇ ಇತ್ತು. ಕೆಲವೇ ತಿಂಗಳಲ್ಲಿ ಅವನು ಹೊರಬಂದ. ಆ ಕಂಪನಿಯೇ ಮುಂದೆ ಕ್ಯಾಡಿಲಾಕ್ ಎಂದು ಹೆಸರಾಯಿತು.

ಆಮೇಲೆ ಕಟ್ಟಿದ ಓಟದ ಕಾರಿಗೆ ಒಂದು ವೇಗದ ರೈಲಿನ ನೆನಪಿನಲ್ಲಿ ‘999’ ಎಂದು ಹೆಸರಿಟ್ಟರು. ಅದಕ್ಕೆ ಮೈಮುಚ್ಚುವ ತಗಡೂ ಇರಲಿಲ್ಲ. ನಾಲ್ಕು ಗಾಲಿ, ಒಂದು ಆಸನ, ದೈತ್ಯ ಎಂಜಿನ್, ಅಷ್ಟೇ. ಎಂಜಿನ್ನಿನ ಗಾತ್ರ ಸುಮಾರು 18.9 ಲೀಟರ್. ನಿಮ್ಮೂರಿನಲ್ಲಿ ಓಡಾಡುವ 100 ಸಿಸಿ ಬೈಕಿನ ಎಂಜಿನ್ 0.1 ಲೀಟರ್. ಎಷ್ಟು ಪಟ್ಟು ದೊಡ್ಡದು, ನೀವೇ ಲೆಕ್ಕ ಹಾಕಿ. ಅದನ್ನು ಓಡಿಸಲು ಫೋರ್ಡನಿಗೇ ಅಂಜಿಕೆ. ಬಾರ್ನಿ ಓಲ್ಡ್‌ಫೀಲ್ಡ್ ಎಂಬ ಸೈಕಲ್ ಪಟು 1902ರಲ್ಲಿ ಅದನ್ನು ಓಡಿಸಿ ಗೆದ್ದ. 1904ರ ಜನವರಿ 12ರಂದು ಫೋರ್ಡ್ ತಾನೇ ಅಂಥದ್ದೇ ಕಾರು ಹತ್ತಿ ಹೆಪ್ಪುಗಟ್ಟಿದ ಸೇಂಟ್ ಕ್ಲೇರ್ ಸರೋವರದ ಮೇಲೆ ಗಂಟೆಗೆ 147 ಕಿಲೋಮೀಟರ್ ವೇಗದಲ್ಲಿ ಓಡಿಸಿ ದಾಖಲೆ ಮಾಡಿದ. ಕೆಲವೇ ವಾರಗಳಲ್ಲಿ ಇನ್ನೊಬ್ಬ ಅದನ್ನು ಮುರಿದ ಎನ್ನಿ!

ಇಲ್ಲಿ ಸ್ವಲ್ಪ ವಿಜ್ಞಾನ ನೋಡೋಣ. ಎದುರುಗಾಳಿಯಲ್ಲಿ ಸೈಕಲ್ ತುಳಿದವರಿಗೆ ಗಾಳಿಯ ತಡೆ ಏನೆಂದು ಗೊತ್ತು. ವಾಹನದ ವೇಗ ಎರಡು ಪಟ್ಟಾದರೆ ಗಾಳಿಯ ತಡೆ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಅದನ್ನು ಮೀರಿ ಓಡಲು ಎಂಜಿನ್ ಕೊಡಬೇಕಾದ ಶಕ್ತಿ ಎಂಟು ಪಟ್ಟು! 30 ಕಿಲೋಮೀಟರ್ ದೂರವನ್ನು ಗಂಟೆಗೆ 60ರ ವೇಗದಲ್ಲಿ ಹೋದರೆ ಅರ್ಧ ಗಂಟೆ, 120ರಲ್ಲಿ ಹೋದರೆ ಕಾಲು ಗಂಟೆ. ಉಳಿದದ್ದು 15 ನಿಮಿಷ. ಅದಕ್ಕಾಗಿ ಗಾಳಿಯೊಂದಿಗೆ ಎಂಟು ಪಟ್ಟು ಗುದ್ದಾಟ. ವೇಗದ ಕಾರು ದುಬಾರಿಯಾಗುವುದು ಬರೀ ಹೊಳಪಿಗಾಗಿ ಅಲ್ಲ. ದೊಡ್ಡ ಎಂಜಿನ್, ಕಾಯದಂತೆ ತಣಿಸುವ ಏರ್ಪಾಟು, ಗಟ್ಟಿಯಾದರೂ ಹಗುರವಾದ ಲೋಹ, ನಂಬಿಕಸ್ತ ಬ್ರೇಕ್ ಎಲ್ಲವೂ ಅದಕ್ಕೆ ಬೇಕು.

ಹಾಗೆಂದು ಆ ಖರ್ಚೆಲ್ಲ ದಂಡವೇ? ಬಸ್ ನಿಲ್ದಾಣದ ಬಳಿ ನಿಂತಿರುವ ಬೈಕುಗಳ ಮುಂದಿನ ಗಾಲಿ ನೋಡಿ. ಕೆಲವಕ್ಕೆ ತೂತು ತೂತಾದ ಉಕ್ಕಿನ ಬಿಲ್ಲೆ ಕಾಣುತ್ತದೆ. ಅದು ಡಿಸ್ಕ್ ಬ್ರೇಕ್. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಊರಿನ 24 ಗಂಟೆಗಳ ಓಟದಲ್ಲಿ ಜಾಗ್ವಾರ್ ಕಾರು ಗೆದ್ದಾಗ ಈ ಬ್ರೇಕಿನ ಬಲ ಲೋಕಕ್ಕೆ ತಿಳಿಯಿತು. ಓಟದ ಮೈದಾನ ಒಂದು ಪ್ರಯೋಗಶಾಲೆಯೂ ಹೌದು. ಅಲ್ಲಿ ಕಲಿತದ್ದು ನಿಧಾನವಾಗಿ ಊರಿಗೆ ಇಳಿದು ಬರುತ್ತದೆ.

ಮತ್ತೆ ಫೋರ್ಡನ ಕಥೆಗೆ ಬರೋಣ. 1903ರ ಜೂನ್ 16ರಂದು ಫೋರ್ಡ್ ಮೋಟಾರ್ ಕಂಪನಿ ಹುಟ್ಟಿತು. ಮೂರೇ ವರ್ಷದಲ್ಲಿ ಒಳಜಗಳ ಶುರು. ಪಾಲುದಾರ ಮ್ಯಾಲ್ಕಮ್‌ಸನ್ ಕಲ್ಲಿದ್ದಲು ವ್ಯಾಪಾರಿ. ಶ್ರೀಮಂತರಿಗೆ ದೊಡ್ಡ ಕಾರು ಮಾರಿದರೆ ಒಂದೊಂದರಲ್ಲೂ ಹೆಚ್ಚು ಲಾಭ ಎಂಬುದು ಅವನ ವಾದ. ಆರು ಸಿಲಿಂಡರಿನ ‘ಮಾಡೆಲ್ ಕೆ’ ಬಂದದ್ದು ಹೀಗೆ. ಬೆಲೆ 2800 ಡಾಲರ್‌ವರೆಗೆ. ಫೋರ್ಡನ ಹಟ ಬೇರೆ. ಹಲವರು ಕೊಳ್ಳಬಲ್ಲ ಅಗ್ಗದ ಕಾರೇ ಬೇಕು ಎಂದ. ವೇಗದ ಹುಚ್ಚು ಹಿಡಿದಿದ್ದ ಮನುಷ್ಯ ಇವನೇನಾ ಎಂದು ನಿಮಗೆ ಅನ್ನಿಸಬಹುದು. ಆದರೆ ಅವನು ಓಟದ ಕಾರನ್ನು ಕಟ್ಟಿದ್ದು ಕಲಿಯಲಿಕ್ಕೆ ಮತ್ತು ಹೆಸರು ಮಾಡಲಿಕ್ಕೆ. ಅದನ್ನೇ ಊರಿಗೆಲ್ಲ ಮಾರಬೇಕೆಂದು ಅಲ್ಲ. ಸುಮಾರು 600 ಡಾಲರಿನ ‘ಮಾಡೆಲ್ ಎನ್’ ಕಾರು ಮಾಡೆಲ್ ಕೆಗಿಂತ ಎಷ್ಟೋ ಪಟ್ಟು ಹೆಚ್ಚು ಮಾರಾಟವಾಯಿತು. 1906ರಲ್ಲೇ ಫೋರ್ಡ್ ಮ್ಯಾಲ್ಕಮ್‌ಸನ್ನನ ಪಾಲನ್ನು ಕೊಂಡುಬಿಟ್ಟ.

1908ರ ಅಕ್ಟೋಬರಿನಲ್ಲಿ ಬಂದ ‘ಮಾಡೆಲ್ ಟಿ’ ಅವನ ನಿಜವಾದ ಉತ್ತರ. 20 ಅಶ್ವಶಕ್ತಿ, ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗ. ಓಟದ ಕಾರಿನ ಮುಂದೆ ಏನೂ ಅಲ್ಲ. ಆದರೆ ಅದರ ಮೈ ನೆಲದಿಂದ ಎತ್ತರ. ಆಗ ಅಮೆರಿಕದ ಹಳ್ಳಿಗಳ ರಸ್ತೆಗಳು ಮಳೆ ಬಿದ್ದ ನಮ್ಮ ಎರೆಹೊಲದ ದಾರಿಯಂತೆಯೇ ಇದ್ದವು, ಗಾಲಿ ಹೂತುಹೋಗುವ ಕೆಸರು. ಸೊಂಡೂರಿನ ಗುಡ್ಡಗಳ ಅದಿರಿನಿಂದ ಕಬ್ಬಿಣ ಬರುವುದು ನಿಮಗೆ ಗೊತ್ತು. ಅಂಥ ಕಬ್ಬಿಣದ ಉಕ್ಕಿಗೆ ವೆನೇಡಿಯಮ್ ಎಂಬ ಲೋಹವನ್ನು ಚೂರು ಬೆರೆಸಿದರೆ ಅದು ಇನ್ನೂ ಗಟ್ಟಿಯಾಗುತ್ತದೆ. ಆಗ ಭಾಗಗಳನ್ನು ಹಗುರವಾಗಿ ಮಾಡಬಹುದು. ಫೋರ್ಡ್ ಈ ಉಕ್ಕನ್ನು ಅಗ್ಗದ ಕಾರಿಗೇ ಬಳಸಿದ. ರೈತರಂತೂ ಇನ್ನೂ ಜಾಣರು. ಹಿಂದಿನ ಗಾಲಿಯನ್ನು ಜಾಕಿಯಿಂದ ಎತ್ತಿ, ಬೆಲ್ಟು ಹಾಕಿ, ಆ ಕಾರಿನಿಂದಲೇ ನೀರೆತ್ತುವ ಪಂಪು, ಮರ ಕೊಯ್ಯುವ ಗರಗಸ ಓಡಿಸಿದರು!

ಮಾಡೆಲ್ ಟಿ ಮೊದಲ ಬೆಲೆ 850 ಡಾಲರ್. 1914ಕ್ಕೆ ಮುಂಚೆ ಫೋರ್ಡ್ ಕಾರ್ಖಾನೆಯ ಕೆಲಸಗಾರನ ದಿನದ ಕೂಲಿ 2.34 ಡಾಲರ್. ಭಾಗಿಸಿ ನೋಡಿ: 363 ದಿನದ ಕೂಲಿ. 2800 ಡಾಲರಿನ ಮಾಡೆಲ್ ಕೆ ಆದರೆ ಮೂರು ವರ್ಷಕ್ಕೂ ಮೀರಿದ ಕೂಲಿ. 1913ರಲ್ಲಿ ಫೋರ್ಡ್ ಹೊಸ ಪದ್ಧತಿ ತಂದ. ಕೆಲಸಗಾರ ಕಾರಿನ ಬಳಿಗೆ ಹೋಗುವ ಬದಲು ಕಾರೇ ಸಾಲಾಗಿ ಚಲಿಸುತ್ತ ಅವನ ಬಳಿಗೆ ಬರುತ್ತಿತ್ತು. ಕಾರಿನ ತಳಕಟ್ಟು ಜೋಡಿಸಲು ಹಿಂದೆ 12 ಗಂಟೆಗೂ ಹೆಚ್ಚು ಬೇಕಿತ್ತು. ಈಗ ಒಂದೂವರೆ ಗಂಟೆ ಸಾಕಾಯಿತು. ಒಂದೇ ಕೆಲಸ ಮಾಡಿ ಬೇಸತ್ತು ಜನ ಬಿಟ್ಟು ಹೋಗತೊಡಗಿದಾಗ 1914ರಲ್ಲಿ ಕೂಲಿಯನ್ನು ದಿನಕ್ಕೆ 5 ಡಾಲರಿಗೆ ಏರಿಸಿದ. 1925ರ ಹೊತ್ತಿಗೆ ಕಾರಿನ ಬೆಲೆ 260 ಡಾಲರಿಗೆ ಇಳಿಯಿತು. ಕೂಲಿ 5 ಡಾಲರ್ ಎಂದೇ ಹಿಡಿದರೂ 52 ದಿನದ ದುಡಿಮೆ.

ಇಷ್ಟೆಲ್ಲ ಮಾಡಿದವನಲ್ಲಿ ದೊಡ್ಡ ದೋಷಗಳೂ ಇದ್ದವು. ತನ್ನ ಪತ್ರಿಕೆಯಲ್ಲಿ ಯಹೂದಿ ಜನರ ವಿರುದ್ಧ ದ್ವೇಷದ ಬರಹಗಳನ್ನು ಅಚ್ಚು ಹಾಕಿಸಿದ. ಕೆಲಸಗಾರರು ಸಂಘ ಕಟ್ಟಲು ಹೊರಟಾಗ 1937ರಲ್ಲಿ ಕಂಪನಿಯ ಆಳುಗಳು ಅವರ ಮುಖಂಡರನ್ನು ಹೊಡೆದರು. ಮಾಡೆಲ್ ಟಿ ಹಳೆಯದಾಯಿತು, ಬದಲಿಸು ಎಂದರೂ ವರ್ಷಗಟ್ಟಲೆ ಕೇಳಲಿಲ್ಲ. ಒಂದೂವರೆ ಕೋಟಿ ಕಾರು ತಯಾರಾದ ಮೇಲೆ, 1927ರಲ್ಲಿ, ಅದನ್ನು ನಿಲ್ಲಿಸಲೇಬೇಕಾಯಿತು.

ಅಗ್ಗದ ಕಾರಿನ ಈ ಗಾಳಿ ಕನ್ನಡ ನಾಡಿಗೂ ಬೀಸಿತು. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಯುರೋಪ್ ಮತ್ತು ಅಮೆರಿಕಕ್ಕೆ ಹೋಗಿ ಕಾರು ಕಾರ್ಖಾನೆಗಳನ್ನು ನೋಡಿ ಬಂದರು. ಭಾರತದಲ್ಲೇ ಕಾರು ತಯಾರಾಗಬೇಕು ಎಂದು ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯಲು ಮುಂದಾದರು, ಮೈಸೂರು ಸಂಸ್ಥಾನವೂ ನೆರವಿಗೆ ನಿಂತಿತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ವಾಲ್‌ಚಂದ್ ಮುಂದೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿ ಕಟ್ಟಿದರು.

ಹೆನ್ರಿ ಫೋರ್ಡ್ 1947ರ ಏಪ್ರಿಲ್ 7ರಂದು ತೀರಿಕೊಂಡ. ಡಿಯರ್‌ಬಾರ್ನ್‌ನಲ್ಲಿ ಅವನು ಕಟ್ಟಿಸಿದ ವಸ್ತು ಸಂಗ್ರಹಾಲಯದಲ್ಲಿ ‘999’ ಇಂದಿಗೂ ಇದೆ. ಗೋಡೆ ಒಡೆದು ಹೊರತಂದ ಆ ಮೊದಲ ಗಾಡಿಯೂ ಅಲ್ಲೇ ಇದೆ. ಅದನ್ನು 1896ರಲ್ಲೇ 200 ಡಾಲರಿಗೆ ಮಾರಿಬಿಟ್ಟಿದ್ದ. ದಾಖಲೆಯ ಓಟ ಓಡಿದ 1904ರಲ್ಲೇ ಅದನ್ನು ಹುಡುಕಿ ಮತ್ತೆ ಕೊಂಡು ತಂದ. ಆಗ ಕೊಟ್ಟ ಬೆಲೆ 65 ಡಾಲರ್.