ರಟ್ಟು ಕಟ್ಟುವ ಹುಡುಗ ವಿಜ್ಞಾನಿಯಾದ ಕಥೆ

ತಂತಿಸುರುಳಿಯೊಳಗೆ ಅಯಸ್ಕಾಂತ ಆಡಿಸಿದರೆ ವಿದ್ಯುತ್ ಹುಟ್ಟುತ್ತದೆ ಅಂತ ಪಾಠದಲ್ಲಿ ಓದುತ್ತೇವಲ್ಲ, ಅದನ್ನು ಕಂಡುಹಿಡಿದವರು ಮೈಕೇಲ್ ಫ್ಯಾರಡೆ.

ಇವರು 1791ರ ಸೆಪ್ಟೆಂಬರ್ 22ರಂದು ಲಂಡನ್ ಹತ್ತಿರ ಹುಟ್ಟಿದರು. ತಂದೆ ಕಮ್ಮಾರ. ಮನೆಯಲ್ಲಿ ಬಡತನ. ಹೆಚ್ಚು ಓದಲಾಗದೆ 14ನೇ ವಯಸ್ಸಿಗೆ ಪುಸ್ತಕ ಬೈಂಡಿಂಗ್ ಕೆಲಸ ಕಲಿಯಲು ಸೇರಿದರು. ಬೈಂಡ್ ಮಾಡಲು ಬಂದ ಪುಸ್ತಕಗಳನ್ನೇ ಓದಿ ವಿದ್ಯುತ್ತಿನ ವಿಷಯ ತಿಳಿದುಕೊಂಡರು. 1812ರಲ್ಲಿ ವಿಜ್ಞಾನಿ ಹಂಫ್ರಿ ಡೇವಿಯವರ ಉಪನ್ಯಾಸ ಕೇಳಿ, ಟಿಪ್ಪಣಿ ಬರೆದು, ತಾವೇ ರಟ್ಟು ಹಾಕಿ ಅವರಿಗೆ ಕಳಿಸಿದರು. 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕನ ಕೆಲಸ ಸಿಕ್ಕಿತು.

ವಿದ್ಯುತ್ತಿನಿಂದ ದಿಕ್ಸೂಚಿ ಮುಳ್ಳು ತಿರುಗುತ್ತದೆಂದು 1820ರಲ್ಲಿ ಅರ್ಸ್ಟೆಡ್ ತೋರಿಸಿದ್ದರು. ಹಾಗಾದರೆ ಅಯಸ್ಕಾಂತದಿಂದ ವಿದ್ಯುತ್ ಯಾಕೆ ಬರಬಾರದು? ಫ್ಯಾರಡೆ ಹಲವು ಸಲ ಪ್ರಯತ್ನಿಸಿ ಸೋತರು, ಆದರೂ ಬಿಡಲಿಲ್ಲ. 1831ರ ಅಕ್ಟೋಬರ್ 17ರಂದು ಸುರುಳಿಯೊಳಗೆ ಅಯಸ್ಕಾಂತವನ್ನು ತಟ್ಟನೆ ತೂರಿಸಿದರು. ಗ್ಯಾಲ್ವನೋಮೀಟರಿನ ಮುಳ್ಳು ಅಲುಗಿತು! ಒಳಗೆ ಸುಮ್ಮನೆ ಬಿಟ್ಟರೆ ಅಲುಗಲಿಲ್ಲ. ಹೊರಗೆ ಎಳೆದಾಗ ಎದುರು ದಿಕ್ಕಿಗೆ ಅಲುಗಿತು. ಗುಟ್ಟು ಇದ್ದದ್ದು ಚಲನೆಯಲ್ಲಿ. ಸೈಕಲ್ ಡೈನಮೋ, ಜಲವಿದ್ಯುತ್ ಕೇಂದ್ರದ ಜನರೇಟರ್ ಎಲ್ಲದಕ್ಕೂ ಇದೇ ಆಧಾರ.

ಫ್ಯಾರಡೆಯವರಿಗೆ ದೊಡ್ಡ ಗಣಿತ ಬರುತ್ತಿರಲಿಲ್ಲ. ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಅಯಸ್ಕಾಂತದ ಬಲರೇಖೆಗಳನ್ನು ನೋಡಿ ಯೋಚಿಸುತ್ತಿದ್ದರು. ಆಮೇಲೆ ಮ್ಯಾಕ್ಸ್‌ವೆಲ್ ಅದೇ ವಿಚಾರವನ್ನು ಗಣಿತದಲ್ಲಿ ಬರೆದರು. ಕ್ರಿಸ್‌ಮಸ್ ಸಮಯದಲ್ಲಿ ಫ್ಯಾರಡೆ ಮಕ್ಕಳಿಗೂ ಪ್ರಯೋಗ ಮಾಡಿ ತೋರಿಸಿ ಪಾಠ ಹೇಳುತ್ತಿದ್ದರು. 1867ರ ಆಗಸ್ಟ್ 25ರಂದು ತೀರಿಕೊಂಡರು.

ಲೆಕ್ಕ ಕಷ್ಟ ಅಂತ ವಿಜ್ಞಾನಕ್ಕೆ ಹೆದರುವವರು, ಬಡತನ ಅಂತ ಓದು ಬಿಡಬೇಕೆನ್ನುವವರು ಇವರನ್ನು ನೆನೆಯಬೇಕು. ಸೂತ್ರ ಬಾಯಿಪಾಠ ಮಾಡುವ ಮೊದಲು ಒಂದು ಸಲ ಅಯಸ್ಕಾಂತ ಆಡಿಸಿ ಮುಳ್ಳು ನೋಡೋಣ.